ಮೇಣದ ಉಬ್ಬು ಕಾಯಿಸಿದರೆ ಮಟ್ಟಸ, ಕಾಯಿಸದಿದ್ದರೆ ಸಿಪ್ಪೆ. ಮೇಲೆ ಸ್ಕ್ರೀನ್ ಪ್ರಿಂಟ್ ಬೇರೆ ಕೂರುತ್ತಿಲ್ಲ

ಹಲಗೆಬಳಪ:
ಎನ್‌ಕಾಸ್ಟಿಕ್ (ಬಿಸಿ ಮೇಣದಲ್ಲಿ ಬರೆದು ಕಾಯಿಸಿ ಬೆಸೆಯೋ ಚಿತ್ರ) ಮತ್ತು ಸ್ಕ್ರೀನ್ ಪ್ರಿಂಟ್ (ನೂಲಿನ ಬಲೆಯ ಮೂಲಕ ಶಾಯಿ ತಳ್ಳಿ ಮುದ್ರಿಸೋದು) ಎರಡನ್ನೂ ಒಂದೇ ಹಲಗೆ ಮೇಲೆ ತರಬೇಕು. ಈಗಿರುವ ವ್ಯವಸ್ಥೆ: 12 ಮಿ.ಮೀ. ಪ್ಲೈವುಡ್, ಅದಕ್ಕೆ ಎರಡು ಕೋಟ್ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮುಂಚೆ ಬಳಿಯೋ ಬಿಳಿ ತಳಪದರ), ಮೇಲೆ ಜೇನುಮೇಣ ಮತ್ತು ಡಾಮರ್ ರಾಳದ ಮಿಶ್ರಣ. ಕಾಯಿಸೋಕೆ ಹೀಟ್ ಗನ್.

ತೊಂದರೆ ಎರಡು. ಕುಂಚದಲ್ಲಿ ಉಬ್ಬು ಕಟ್ಟಿ ಗನ್ ಹಿಡಿದ ಕೂಡಲೇ ಎಲ್ಲ ಇಳಿದು ಗಾಜಿನ ಥರ ಮಟ್ಟಸ ಆಗುತ್ತದೆ. ಹಿಡಿಯದೆ ಬಿಟ್ಟರೆ ಪದರ ಉಗುರಿಗೇ ಎದ್ದು ಬರುತ್ತದೆ. ಎರಡನೆಯದು, 77ಟಿ ಸ್ಕ್ರೀನ್‌ನಲ್ಲಿ ವಾಟರ್ ಬೇಸ್ ಶಾಯಿ ಎಳೆದರೆ ಮೇಣದ ಮೇಲೆ ಹನಿಹನಿಯಾಗಿ ಕೂಡಿಕೊಳ್ಳುತ್ತದೆ. ಒಣಗಿದ ಮೇಲೆ ಕಾಯಿಸಿದರೆ ಚೂರುಚೂರಾಗಿ ಬಿರಿದು ತೇಲುತ್ತದೆ. ಮೇಣ ಇನ್ನೂ ದಪ್ಪ ಹಾಕಬೇಕಾ? ಶಾಯಿ ಬದಲಿಸಬೇಕಾ?

ಜೇನುಗೂಡು:
ಮೊದಲು ಆ ಅಕ್ರಿಲಿಕ್ ಜೆಸ್ಸೊ ಕೆರೆದು ತೆಗೀರಿ. ಉಳಿದದ್ದು ಆಮೇಲೆ.

ತರಲೆ_ಕುಂಚ:
ಬಂತು ನೋಡಿ. ಬಣ್ಣ ಕೇಳಿದರೆ ಮನೆ ಕೆಡವಿ ಕಟ್ಟಿ ಅನ್ನೋ ಉತ್ತರ.

ಜೇನುಗೂಡು:
ಕೆಡವಲೇಬೇಕು ತರಲೆ ಅವರೇ, ಅಡಿಪಾಯವೇ ಸರಿ ಇಲ್ಲ. ಅಕ್ರಿಲಿಕ್ ಜೆಸ್ಸೊ ಒಣಗಿದ ಮೇಲೆ ಪ್ಲಾಸ್ಟಿಕ್ ಪೊರೆ. ಮೇಣಕ್ಕೆ ಒಳಗಿಳಿಯೋಕೆ ರಂಧ್ರವೇ ಇರಲ್ಲ, ಮೇಲೆ ಕೂತಿರುತ್ತದೆ ಅಷ್ಟೇ. ಒಂದು ದಿನ ತಟ್ಟಿದರೆ ಹಾಳೆಯಂತೆ ಕಳಚುತ್ತದೆ. ಬರೀ ಪ್ಲೈವುಡ್ ಸಾಕು. ಬಿಳಿ ಹಿನ್ನೆಲೆ ಬೇಕೇ ಬೇಕು ಎಂದರೆ ಸೀಮೆಸುಣ್ಣದ ಪುಡಿ ಮತ್ತು ಪ್ರಾಣಿ ಅಂಟಿನ ಹಳೇ ಶೈಲಿಯ ಜೆಸ್ಸೊ, ಇಲ್ಲವೇ ಎನ್‌ಕಾಸ್ಟಿಕ್‌ಗೆಂದೇ ಮಾಡಿದ, ಸೀಮೆಸುಣ್ಣದ ಪುಡಿ ಹೆಚ್ಚಿರುವ ಜೆಸ್ಸೊ. ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಹೀರಿಕೊಂಡರೆ ಮೇಣಕ್ಕೂ ಆಗುತ್ತದೆ. ಹನಿ ಹಾಗೇ ಗುಂಡಗೆ ನಿಂತರೆ ಆಗಲ್ಲ.

ಈಗ ಉಬ್ಬಿನ ವಿಷಯ. ಮೇಣ ದಪ್ಪ ಹಾಕಿದರೆ ಟೆಕ್ಸ್ಚರ್ ಬರಲ್ಲ. ಬಿಸಿ ಮೇಣಕ್ಕೂ ಹಲಗೆಯ ಮೈಗೂ ಇರುವ ಬಿಸಿಯ ಅಂತರದಿಂದ ಬರುತ್ತದೆ. ಜೇನುಮೇಣ ಕರಗುವುದು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇಣ ಕರಗಿಸೋ ಕಾವಲಿ 80–90ರಲ್ಲಿ ಇರುತ್ತದೆ. ಹಲಗೆ ಬೆಚ್ಚಗಿದ್ದರೆ ಕುಂಚ ಎಳೆದದ್ದು ಹರಡಿ ನುಣುಪಾಗುತ್ತದೆ. ಹಲಗೆ ತಣ್ಣಗಿದ್ದರೆ ಮುಟ್ಟಿದ ಜಾಗದಲ್ಲೇ ಗಟ್ಟಿ. ಹಾಗಾಗಿ ಕೆಲಸವನ್ನ ಎರಡು ಭಾಗ ಮಾಡಿ. ತಳದ ಎರಡು ಮೂರು ಪದರ ಬೆಚ್ಚಗಿನ ಹಲಗೆ ಮೇಲೆ, ಪ್ರತಿ ಪದರವನ್ನೂ ಪೂರ್ತಿ ಕರಗಿಸಿ ಬೆಸೆದು. ಆಮೇಲೆ ಹಲಗೆ ಪೂರ್ತಿ ಆರಬೇಕು, ಕೈ ಇಟ್ಟರೆ ತಣ್ಣಗೆ ಅನ್ನಿಸಬೇಕು. ಆಗ ಉಬ್ಬು ಶುರು ಮಾಡಿ. ಕುಂಚವನ್ನು ಮೇಣದಿಂದ ಎತ್ತಿ ಎರಡು ಮೂರು ಸೆಕೆಂಡ್ ಗಾಳಿಯಲ್ಲಿ ಹಿಡಿದು, ತುದಿ ಮಂಕಾಗುವ ಹೊತ್ತಿಗೆ ಕುಟ್ಟುವ ಹಾಗೆ ಮುಟ್ಟಿಸಿ ಎತ್ತಬೇಕು. ಎಳೆಯಬಾರದು. ಪ್ರತಿ ಸಲವೂ ಸಾಸಿವೆ ಗಾತ್ರದ ಒಂದು ಮೊನೆ ನಿಲ್ಲುತ್ತದೆ. ಮುಂದಿನ ಸುತ್ತಿನಲ್ಲಿ ಮೇಣ ಆ ಮೊನೆಗೇ ಮೊದಲು ಅಂಟುತ್ತದೆ, ಗುಂಡಿಗೆ ಇಳಿಯಲ್ಲ. ಐದಾರು ಸುತ್ತಿಗೆ ಹವಳದ ಮೈ ಬರುತ್ತದೆ.

ಹಲಗೆಬಳಪ:
ಅದೆಲ್ಲ ಸರಿ ಸರ್, ಆದರೆ ಬೆಸೆಯುವಾಗ ಆ ಮೊನೆಯೇ ಅಲ್ವಾ ಮೊದಲು ಕರಗೋದು?

ಬೆಂಕಿಪೆಟ್ಟಿಗೆ:
ಹೌದು, ಸುತ್ತಲಿಂದ ಬಿಸಿಗಾಳಿ ತಾಗುವ ಜಾಗ ಅದು. ಅದಕ್ಕೇ ಉಬ್ಬಿನ ಪದರಕ್ಕೆ ಹೀಟ್ ಗನ್ ಬೇಡ. ಗನ್ ನಿಧಾನ ಕಾಯಿಸುತ್ತದೆ, ಬಿಸಿ ಆಳಕ್ಕೆ ಇಳಿಯುತ್ತದೆ, ಜೊತೆಗೆ ಗಾಳಿ ಮೇಣವನ್ನು ತಳ್ಳುತ್ತದೆ. ಬ್ಯೂಟೇನ್ ಟಾರ್ಚ್ ಆದರೆ ಮೇಲಿನ ಚರ್ಮ ಮಾತ್ರ ಕರಗಿ, ಒಳಗಿನದು ಎಚ್ಚರ ಆಗೋ ಮೊದಲೇ ನೀವು ದಾಟಿ ಹೋಗಿರುತ್ತೀರಿ. ಜ್ವಾಲೆಯ ತುದಿ ಮೈಯಿಂದ ಒಂದು ಗೇಣಿನಷ್ಟು ಮೇಲೆ, ಕೈ ಎಲ್ಲೂ ನಿಲ್ಲಬಾರದು, ಗುಡಿಸಿದ ಹಾಗೆ ಹೋಗಬೇಕು.

ಎಲ್ಲಿ ನಿಲ್ಲಿಸಬೇಕು ಅನ್ನೋದು ಕಣ್ಣಿನ ಲೆಕ್ಕ. ಆರಿದ ಮೇಣ ಮಂಕು. ಬಿಸಿ ತಾಗಿದಾಗ ಮೊದಲು ಮೊನೆಗಳ ತಲೆ ಮೇಲೆ ಒದ್ದೆ ಹೊಳಪು ಕೂರುತ್ತದೆ, ಆ ಹೊಳಪು ಬುಡದ ಕಡೆ ಇಳಿಯೋಕೆ ಶುರುವಾಗುತ್ತದೆ. ಬುಡ ಮುಟ್ಟಿದ ಕ್ಷಣ ತೆಗೆಯಬೇಕು. ಇನ್ನೊಂದು ಸೆಕೆಂಡ್ ಹಿಡಿದರೆ ಹೊಳಪಿನ ಅಂಚು ನಡುಗುತ್ತದೆ, ಅಲ್ಲಿಗೆ ಕಥೆ ಮುಗೀತು.

ರಾಳಪುರಾಣ:
ಮಿಶ್ರಣದ ಅಳತೆ ಯಾರೂ ಕೇಳಲೇ ಇಲ್ಲ. ಹಲಗೆಬಳಪ ಅವರೇ, ರಾಳ ಎಷ್ಟು ಹಾಕಿದ್ದೀರಿ?

ಹಲಗೆಬಳಪ:
ಅಂದಾಜು ಮೇಲೆ. ಹಿಡಿ ಲೆಕ್ಕ.

ರಾಳಪುರಾಣ:
ತೂಗಿ ಮಾರಾಯ್ರೇ. ತೂಕದಲ್ಲಿ 8 ಪಾಲು ಜೇನುಮೇಣಕ್ಕೆ 1 ಪಾಲು ಡಾಮರ್. 400 ಗ್ರಾಂಗೆ 50 ಗ್ರಾಂ. ಉಬ್ಬಿನ ಕೆಲಸಕ್ಕೆ ಸ್ವಲ್ಪ ಗಟ್ಟಿ ಬೇಕು ಎಂದರೆ 6ಕ್ಕೆ 1ರ ತನಕ ಹೋಗಬಹುದು. ಅದಕ್ಕಿಂತ ರಾಳ ಏರಿಸಿದರೆ ಗಾಜಿನ ಹಾಗೆ ಚಕ್ಕೆ ಏಳುತ್ತದೆ. ರಾಳ ಇಲ್ಲದೆ ಬರೀ ಮೇಣವಾದರೆ ಮೆತ್ತಗೆ, ಬೆರಳಚ್ಚು ಕೂರುತ್ತದೆ, ಬೇಗ ಬೂದಿ ಹಿಡಿದ ಹಾಗೆ ಬೆಳ್ಳಗಾಗುತ್ತದೆ.

ಮಾಡುವ ಕ್ರಮ: ಮೊದಲು ಮೇಣ ಕರಗಲಿ. ರಾಳವನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಿ ಪುಡಿ ಮಾಡಿ ಸ್ವಲ್ಪ ಸ್ವಲ್ಪ ಸೇರಿಸಿ. ರಾಳ ಕರಗೋಕೆ 110 ಡಿಗ್ರಿ ಆಸುಪಾಸು ಬೇಕು, ಅಷ್ಟು ಹೊತ್ತು ಮಾತ್ರ ಏರಿಸಿ, ತಿರುವುತ್ತಾ ಇರಿ. ಪಾತ್ರೆಗೆ ಥರ್ಮಾಮೀಟರ್ ಕಡ್ಡಾಯ. ಕರಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸೋಸಿ ಅಚ್ಚಿಗೆ ಹುಯ್ಯಿರಿ. ರಾಳದಲ್ಲಿ ತೊಗಟೆ ಚೂರು, ಹುಳದ ರೆಕ್ಕೆ ಎಲ್ಲ ಇರುತ್ತದೆ, ಸೋಸದಿದ್ದರೆ ಬಿಳಿ ಬಣ್ಣದಲ್ಲಿ ಕಾಣುತ್ತದೆ. ಆಮೇಲೆ ಬಳಸುವಾಗ 90 ದಾಟಿಸಬೇಡಿ.

ಹೊಸಕುಂಚ:
ರಾಳ ಕುಟ್ಟೋ ಬದಲು ಬಾಟಲಿಯಲ್ಲಿ ಸಿಗುವ ಡಾಮರ್ ವಾರ್ನಿಶ್ ಸುರಿದರೆ ಆಗಲ್ವಾ? ಸುಲಭ.

ರಾಳಪುರಾಣ:
ಆಗಲ್ಲ. ಆಗಲೇಬಾರದು. ವಾರ್ನಿಶ್ ಅಂದರೆ ಟರ್ಪೆಂಟೈನ್‌ನಲ್ಲಿ ಕರಗಿಸಿದ ರಾಳ. ಬಿಸಿ ಕಾವಲಿ ಮೇಲೆ ಸುರಿದರೆ ಅದರ ಆವಿ ಬೆಂಕಿ ಹಿಡಿಯುತ್ತದೆ, ಹಿಡಿಯದಿದ್ದರೆ ನಿಮ್ಮ ಶ್ವಾಸಕೋಶಕ್ಕೆ ಹೋಗುತ್ತದೆ. ರಾಳ ಹರಳಿನ ರೂಪದಲ್ಲೇ ತನ್ನಿ.

ತರಲೆ_ಕುಂಚ:
ಡಾಮರ್ ಅಂದ ಕೂಡಲೇ ಯಾರೋ ರಸ್ತೆಗೆ ಹಾಕೋ ಡಾಂಬರು ತಂದುಬಿಟ್ಟಾರು, ಅದನ್ನೂ ಹೇಳಿಬಿಡಿ.

ರಾಳಪುರಾಣ:
ಇದು ಮರದ ರಾಳ, ತಿಳಿ ಹಳದಿ ಹರಳು. ಕಪ್ಪಗಿದ್ದು ಅಂಟುತ್ತಿದ್ದರೆ ಅದು ರಸ್ತೆಗೆ.

ಬೆಂಕಿಪೆಟ್ಟಿಗೆ:
ಬೆಂಕಿಯ ಮಾತು ಬಂದಿದ್ದಕ್ಕೆ: ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ನೀರು ತಳಕ್ಕೆ ಹೋಗಿ ಒಂದೇ ಸಲ ಆವಿಯಾಗಿ ಉರಿಯುವ ಮೇಣವನ್ನು ಚಾವಣಿಗೆ ಎರಚುತ್ತದೆ. ಪಾತ್ರೆಗೆ ಸರಿಯಾಗಿ ಕೂರುವ ಮುಚ್ಚಳ ಪಕ್ಕದಲ್ಲೇ ಇರಲಿ, ಮುಚ್ಚಿ, ಸ್ವಿಚ್ ಆರಿಸಿ. ಎಣ್ಣೆ ಬೆಂಕಿಗೆ ಆಗುವ ಅಗ್ನಿಶಾಮಕವೂ ಕೈಗೆ ಸಿಗುವಂತಿರಲಿ. ಇನ್ನು, ಮೇಣ ಹೊಗೆಯಾಡುತ್ತಿದೆ ಎಂದರೆ ಬಿಸಿ ಮಿತಿ ಮೀರಿದೆ ಎಂದೇ ಅರ್ಥ. ಆ ಹೊಗೆಯಲ್ಲಿ ಅಕ್ರೋಲಿನ್‌ನಂಥ ಕಣ್ಣು ಗಂಟಲು ಉರಿಸುವ ಅನಿಲಗಳಿರುತ್ತವೆ. ದೂಳಿನ ಮಾಸ್ಕ್ ಅದನ್ನು ತಡೆಯಲ್ಲ. ಕಿಟಕಿಗೆ ಹೊರಕ್ಕೆ ಎಳೆಯುವ ಫ್ಯಾನ್, ಎದುರು ಬದಿಯಿಂದ ಒಳಗೆ ಬರುವ ಗಾಳಿ, ಮಧ್ಯೆ ಕಾವಲಿ. ತಲೆ ಕಾವಲಿಗೂ ಫ್ಯಾನ್‌ಗೂ ನಡುವೆ ಇರಬಾರದು.

ನೂಲೆಣಿಕೆ:
ಸ್ಕ್ರೀನ್ ಕಡೆಗೆ ಬರೋಣ. ಮೇಣದ ಮೇಲೆ ವಾಟರ್ ಬೇಸ್ ಶಾಯಿ ಕೂರಲ್ಲ, ಕೂರಿಸೋಕೆ ಹೆಣಗೋದೂ ಬೇಡ. ಒಣಗಿದರೂ ಅದು ಮೇಲೆ ಹಾಸಿದ ಪೊರೆ. ಕೆಳಗಿನ ಮೇಣ ಕರಗಿದಾಗ ಪೊರೆಗೆ ಆಸರೆ ಹೋಗುತ್ತದೆ, ಬಿರಿಯುತ್ತದೆ, ಹರಿದ ಚೂರು ತೇಲುತ್ತದೆ. ನಿಮಗೆ ಆಗಿದ್ದು ಇದೇ.

ಮೇಣದ ಮೇಲೆ ಮುದ್ರಿಸುವ ಬದಲು ಕಾಗದದ ಮೇಲೆ ಮುದ್ರಿಸಿ ಕಾಗದವನ್ನು ಮೇಣದೊಳಗೆ ಹೂಳಿ. ಕೊಜೊದಂಥ ಉದ್ದ ನಾರಿನ ತೆಳು ಕಾಗದ, ಚದರ ಮೀಟರಿಗೆ 10ರಿಂದ 20 ಗ್ರಾಂ ತೂಕದ್ದು. ಮೇಣ ಕುಡಿದ ಮೇಲೆ ಕಾಗದ ಕಣ್ಣಿಗೆ ಕಾಣಲ್ಲ, ಚಿತ್ರ ಮಾತ್ರ ಗಾಳಿಯಲ್ಲಿ ನಿಂತ ಹಾಗೆ ಉಳಿಯುತ್ತದೆ. ಕಾಗದ ತೆಳು ಆದ್ದರಿಂದ ಸ್ಕ್ವೀಜಿ (ಶಾಯಿ ಎಳೆಯೋ ರಬ್ಬರ್ ಪಟ್ಟಿ) ಎಳೆದ ಮೇಲೆ ಸ್ಕ್ರೀನ್‌ಗೆ ಅಂಟಿಕೊಂಡು ಎದ್ದು ಬರುತ್ತದೆ. ನಾಲ್ಕೂ ಅಂಚನ್ನು ದಪ್ಪ ಹಾಳೆಗೆ ಟೇಪ್ ಹಾಕಿ, ಸ್ಕ್ರೀನ್ ಮತ್ತು ಕಾಗದದ ನಡುವೆ 2–3 ಮಿ.ಮೀ. ಅಂತರ ಬಿಡಿ. ನಾಣ್ಯ ಅಥವಾ ರಟ್ಟಿನ ಚೂರು ಫ್ರೇಮಿನ ಮೂಲೆಗೆ ಅಂಟಿಸಿದರೆ ಆಯಿತು.

ಕಪ್ಪು ಪೂರ್ತಿ ತುಂಬಿದ ಜಾಗ ಇಟ್ಟುಕೊಳ್ಳಬೇಡಿ. ಶಾಯಿಯ ಪೊರೆ ಕಾಗದದ ರಂಧ್ರ ಮುಚ್ಚಿ ಮೇಣ ದಾಟಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ. ಆಮೇಲೆ ಕಾಯಿಸಿದಾಗ ಆ ಜಾಗ ಮಾತ್ರ ಗುಳ್ಳೆ ಏಳುತ್ತದೆ. ಪೂರ್ತಿ ಕಪ್ಪನ್ನೂ ಚುಕ್ಕಿಗಳಾಗಿ ಒಡೆದ 80 ಪರ್ಸೆಂಟ್ ಹಾಲ್ಫ್‌ಟೋನ್ ಮಾಡಿ. ಚುಕ್ಕಿಗಳ ಸಂದಿನಿಂದ ಮೇಣ ನುಗ್ಗುತ್ತದೆ, ಕಣ್ಣಿಗೆ ಕಪ್ಪೇ ಕಾಣುತ್ತದೆ.

ಹಲಗೆಬಳಪ:
77ಟಿ ಸಾಕಾ? ಎಷ್ಟು ಗೆರೆಯ ಹಾಲ್ಫ್‌ಟೋನ್?

ನೂಲೆಣಿಕೆ:
77ಟಿ ಅಂದರೆ ಸೆಂಟಿಮೀಟರಿಗೆ 77 ನೂಲು, ಇಂಚಿಗೆ 195ರಷ್ಟು. ಅದನ್ನ 4ರಿಂದ 5ರಲ್ಲಿ ಭಾಗಿಸಿ. ಇಂಚಿಗೆ 40–45 ಗೆರೆ, ಅಂದರೆ ಚುಕ್ಕಿಯ ಸಾಲು, ಆರಾಮಾಗಿ ನಿಲ್ಲುತ್ತದೆ. 43ಟಿ ಇದ್ದರೆ 25 ಗೆರೆ. ಚುಕ್ಕಿಯ ಕೋನ 22.5 ಡಿಗ್ರಿ ಇಡಿ, ಮೆಶ್ ನೂಲಿನ ಜೊತೆ ಸೇರಿ ಅಲೆಅಲೆಯ ಮ್ವಾರೆ ಬರೋದು ಕಡಿಮೆ.

ಸ್ಕ್ವೀಜಿಅಕ್ಕ:
ನೂಲೆಣಿಕೆ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಮೇಣದ ಮೇಲೆ ನೇರವಾಗಿ ಮುದ್ರಿಸೋಕೇ ಆಗಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಎಣ್ಣೆ ಆಧಾರಿತ ಶಾಯಿ ಕೂರುತ್ತದೆ. ತೆಳುವಾಗಿ ಒಂದೇ ಎಳೆತ, ಅಡಿಯ ಮೇಣ ಕನ್ನಡಿಯಂತೆ ಸಪಾಟಾಗಿರಬೇಕು, ಪೂರ್ತಿ ತಣ್ಣಗಿರಬೇಕು. ಶಾಯಿ ಒಣಗಿದ ಮೇಲೆ ಟಾರ್ಚ್‌ನಲ್ಲಿ ಒಂದು ಸಲ ಸವರಿದರೆ ಸಾಕು. ಹರಿತವಾದ ಗೆರೆ ಬೇಕಾದವರಿಗೆ ಕಾಗದಕ್ಕಿಂತ ಇದೇ ಮೇಲು.

ನೂಲೆಣಿಕೆ:
ಒಪ್ಪಿದೆ ಅಕ್ಕ. ಆದರೆ ಅದರ ಮೇಲೆ ಮತ್ತೆ ದಪ್ಪ ಮೇಣ ಹಾಕಿದರೆ? ಎಣ್ಣೆಯ ಪದರ ನಡುವೆ ಸಿಕ್ಕಿ ಎರಡೂ ಮೇಣ ಬೆಸೆಯಲ್ಲ. ಹಾಗಾಗಿ ಅದು ಕೊನೆಯ ಪದರಕ್ಕೆ ಮಾತ್ರ.

ಸ್ಕ್ವೀಜಿಅಕ್ಕ:
ಬಿಡಿಬಿಡಿ ಗೆರೆ ಇದ್ದರೆ ಬೆಸೆಯುತ್ತದೆ, ಸುತ್ತ ಮೇಣಕ್ಕೆ ಮೇಣ ಸಿಗುತ್ತದಲ್ಲ. ತುಂಬಿದ ಜಾಗಕ್ಕೆ ನಿಮ್ಮ ಮಾತು ಸರಿ.

ಇನ್ನೊಂದು ದಾರಿ ಇದೆ, ಶಾಯಿಯೇ ಬೇಡ. ಎಕ್ಸ್‌ಪೋಸ್ ಮಾಡಿದ (ಬೆಳಕಿಗೊಡ್ಡಿ ಚಿತ್ರ ಮೂಡಿಸಿದ), ಚೆನ್ನಾಗಿ ಒಣಗಿದ ಸ್ಕ್ರೀನನ್ನು ತಣ್ಣನೆ ಮೇಣದ ಮೇಲೆ ಒರಗಿಸಿ, ಇದ್ದಿಲ ಪುಡಿಯನ್ನೋ ಒಣ ಪಿಗ್ಮೆಂಟನ್ನೋ ಮೆತ್ತನೆ ಕುಂಚದಿಂದ ತಳ್ಳಿ. ಸ್ಕ್ರೀನನ್ನು ನೇರ ಮೇಲಕ್ಕೆ ಎತ್ತಿ, ಜಾರಿಸಬೇಡಿ. ಪುಡಿಯ ಚಿತ್ರ ಕೂತಿರುತ್ತದೆ. ಕಾಯಿಸಿದಾಗ ಮೇಣ ಪುಡಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಅಂಟೂ ಇಲ್ಲ ಪೊರೆಯೂ ಇಲ್ಲ. ಮೇಲೆ ಎಷ್ಟು ಮೇಣ ಬೇಕಾದರೂ ಹಾಕಿ. ಇದಕ್ಕೆ 43ಟಿ ಬೇಕು, ಸಣ್ಣ ಮೆಶ್‌ನಲ್ಲಿ ಪುಡಿ ಇಳಿಯಲ್ಲ. ಇಲ್ಲಿ ದೂಳಿನ ಮಾಸ್ಕ್ ಹಾಕಲೇಬೇಕು. ಕ್ಯಾಡ್ಮಿಯಂ, ಸೀಸ ಇರುವ ಪಿಗ್ಮೆಂಟ್ ಪುಡಿಯ ಹತ್ತಿರವೂ ಹೋಗಬೇಡಿ.

ತರಲೆ_ಕುಂಚ:
ಹೀಟ್ ಗನ್ ಹಿಡಿದ ಕೂಡಲೇ ಇದ್ದಿಲು ಗೋಡೆ ಮೇಲೆ ಎನ್‌ಕಾಸ್ಟಿಕ್ ಆಗುತ್ತದೆ.

ಸ್ಕ್ವೀಜಿಅಕ್ಕ:
ಸತ್ಯ. ಅದಕ್ಕೇ ಟಾರ್ಚ್, ಇಲ್ಲವೇ ಗನ್ನಿನ ಫ್ಯಾನ್ ಅತಿ ಕಡಿಮೆಗಿಟ್ಟು ನೇರ ಮೇಲಿಂದ ಒಂದು ಅಡಿ ದೂರ. ಹೊಳಪು ಬಂದ ಮೇಲೆ ಪುಡಿ ಹಾರಲ್ಲ, ಆಗ ಹತ್ತಿರ ತರಬಹುದು.

ಹೊಸಕುಂಚ:
ಹಾಗಾದರೆ ಬಿಸಿ ಮೇಣವನ್ನೇ ಸ್ಕ್ರೀನ್ ಮೂಲಕ ಎಳೆದರೆ? ಉಬ್ಬೂ ಬರುತ್ತದೆ, ಚಿತ್ರವೂ ಬರುತ್ತದೆ.

ಬೆಂಕಿಪೆಟ್ಟಿಗೆ:
ಪಾಲಿಯೆಸ್ಟರ್ ಮೆಶ್ ಕರಗಿ ಹೋಗುತ್ತದೆ.

ನೂಲೆಣಿಕೆ:
80 ಡಿಗ್ರಿಗೆ ಪಾಲಿಯೆಸ್ಟರ್ ಕರಗಲ್ಲ, ಅದಕ್ಕೆ 250ರ ಆಸುಪಾಸು ಬೇಕು. ತೊಂದರೆ ಉಲ್ಟಾ. ಸಣ್ಣ ನೂಲು ತಣ್ಣಗಿರುತ್ತದೆ, ಮೇಣ ಬಲೆಯ ಕಣ್ಣಿನೊಳಗೇ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಪಿಂಗಾಣಿ, ಗಾಜಿನ ಕಾರ್ಖಾನೆಗಳಲ್ಲಿ ಇದೇ ಕೆಲಸವನ್ನು ಸ್ಟೀಲ್ ಮೆಶ್‌ಗೆ ಕರೆಂಟ್ ಹರಿಸಿ ಬಿಸಿ ಇಟ್ಟು, ಮೇಣದಂಥ ಶಾಯಿಯಲ್ಲಿ ಮಾಡುತ್ತಾರೆ. ಮನೆಯಲ್ಲಿ ಬೇಡ ಅದೆಲ್ಲ. ಉಬ್ಬಿದ ಆಕಾರವೇ ಬೇಕಿದ್ದರೆ ಅರ್ಧ ಮಿ.ಮೀ. ರಟ್ಟಿನಲ್ಲಿ ಸ್ಟೆನ್ಸಿಲ್ ಕತ್ತರಿಸಿ, ತಣ್ಣನೆ ಮೇಣದ ಮೇಲಿಟ್ಟು, ನಾಲ್ಕೈದು ಪದರ ಕುಟ್ಟಿ, ಕೊನೆಯ ಪದರ ಇನ್ನೂ ಮೆತ್ತಗಿರುವಾಗಲೇ ಎತ್ತಿ. ಪೂರ್ತಿ ಆರಲು ಬಿಟ್ಟರೆ ಅಂಚು ರಟ್ಟಿನ ಜೊತೆ ಮುರಿದು ಬರುತ್ತದೆ.

ಮಂದಬೆಳಕು:
ಇಷ್ಟೆಲ್ಲ ಎಮಲ್ಷನ್ (ಸ್ಕ್ರೀನಿಗೆ ಹಚ್ಚುವ, ಬೆಳಕಿಗೆ ಗಟ್ಟಿಯಾಗೋ ಲೇಪ) ಗೋಜು ಯಾಕೆ? ಲೇಸರ್ ಪ್ರಿಂಟ್ ತೆಗೆದು, ಟೋನರ್ ಬದಿ ಕೆಳಗೆ ಮಾಡಿ ಉಗುರುಬೆಚ್ಚಗಿನ ಮೇಣದ ಮೇಲಿಟ್ಟು, ಚಮಚದ ಬೆನ್ನಲ್ಲಿ ಉಜ್ಜಿ. ಆಮೇಲೆ ನೀರು ಹಚ್ಚಿ ಕಾಗದವನ್ನು ಬೆರಳಲ್ಲೇ ತಿಕ್ಕಿ ತೆಗೆದರೆ ಟೋನರ್ ಮೇಣದಲ್ಲಿ ಉಳಿಯುತ್ತದೆ. ಚಿತ್ರ ಎಡಬಲ ತಿರುಗುಮುರುಗಾಗಿ ಪ್ರಿಂಟ್ ತೆಗೆಯಬೇಕು ಅಷ್ಟೇ. ಇಂಕ್‌ಜೆಟ್ ಆಗಲ್ಲ, ಅದು ನೀರಿಗೇ ಹರಿದು ಹೋಗುತ್ತದೆ.

ನೂಲೆಣಿಕೆ:
ಒಂದೆರಡು ಚಿತ್ರಕ್ಕೆ ಸರಿ. ಒಂದೇ ಚಿತ್ರ ಇಪ್ಪತ್ತು ಸಲ ಬೇರೆ ಬೇರೆ ಬಣ್ಣದಲ್ಲಿ ಬೇಕಾದರೆ ಸ್ಕ್ರೀನೇ ಬೇಕು.

ಅಂದಹಾಗೆ ಹಲಗೆಬಳಪ ಅವರೇ, ಎಮಲ್ಷನ್ ಹೊಸದಾಗಿ ಹಚ್ಚುವಾಗ ಎರಡೂ ಬದಿ ಒಂದೊಂದು ಕೋಟ್, ಕಾಗದ ತಾಗುವ ಬದಿ ಕೆಳಗಿರುವಂತೆ ಮಲಗಿಸಿ ಒಣಗಿಸಿ. ಎಕ್ಸ್‌ಪೋಸ್ ಸಮಯ ಯಾರನ್ನೂ ಕೇಳಬೇಡಿ, ಅವರವರ ದೀಪಕ್ಕೆ, ದೂರಕ್ಕೆ ಬೇರೆ. ಪಾಸಿಟಿವ್ (ಚಿತ್ರ ಕಪ್ಪಾಗಿರೋ ಪಾರದರ್ಶಕ ಹಾಳೆ) ಮೇಲೆ ಕಪ್ಪು ರಟ್ಟು ಮುಚ್ಚಿ, ಒಂದೊಂದು ನಿಮಿಷಕ್ಕೆ ಎರಡೆರಡು ಇಂಚು ಸರಿಸುತ್ತಾ ಎಂಟು ಪಟ್ಟಿ ಮಾಡಿ. ತೊಳೆದಾಗ ಯಾವ ಪಟ್ಟಿಯಲ್ಲಿ ಎಮಲ್ಷನ್ ಲೋಳೆಯಾಗದೆ, ಸಣ್ಣ ಚುಕ್ಕಿಯೂ ತೆರೆದುಕೊಳ್ಳುತ್ತದೋ ಅದೇ ನಿಮ್ಮ ಸಮಯ. ಕಡಿಮೆಯಾದರೆ ಚಿತ್ರವೇ ಕೊಚ್ಚಿ ಹೋಗುತ್ತದೆ, ಹೆಚ್ಚಾದರೆ ಚುಕ್ಕಿ ಮುಚ್ಚಿಕೊಳ್ಳುತ್ತವೆ.

ಹಳೆಹಲಗೆ:
ಮೇಣದಲ್ಲಿ ಕಾಗದ ಹೂಳೋದು ಹೊಸ ಉಪಾಯವೇನಲ್ಲ. ಅಮೆರಿಕದ ಚಿತ್ರಕಾರ ಜಾಸ್ಪರ್ ಜಾನ್ಸ್ 1954–55ರಲ್ಲಿ ಮಾಡಿದ ‘ಫ್ಲ್ಯಾಗ್’ ನೋಡಿ, ಪತ್ರಿಕೆಯ ತುಂಡುಗಳು ಮೇಣದಡಿ ಕಾಣುತ್ತವೆ. ಎನಾಮೆಲ್ ಬಣ್ಣ ಒಣಗೋಕೆ ಹೊತ್ತು ಹಿಡಿಯುತ್ತದೆ ಎಂದೇ ಅವರು ಮೇಣಕ್ಕೆ ಹೋದದ್ದು. ಹಾಕಿದ ಕುಂಚದ ಗುರುತು ಹಾಕಿದಲ್ಲೇ ನಿಲ್ಲುತ್ತದಲ್ಲ. ಈಜಿಪ್ಟಿನ ಫಯೂಮ್ ಭಾವಚಿತ್ರಗಳಲ್ಲೂ ಮೇಣದ ಕುಂಚದ ಏರು ಇನ್ನೂ ಹಾಗೇ ಇದೆ, ಕ್ರಿ.ಶ. ಒಂದರಿಂದ ಮೂರನೇ ಶತಮಾನದವು.

ತರಲೆ_ಕುಂಚ:
ಅವರ ಹತ್ತಿರ ಹೀಟ್ ಗನ್ ಇರಲಿಲ್ಲ, ಅದಕ್ಕೇ ಉಳೀತು.

ಹೊಸಕುಂಚ:
ಕೋಲ್ಡ್ ವ್ಯಾಕ್ಸ್ ಅಂತ ಡಬ್ಬಿ ಸಿಗುತ್ತದಲ್ಲ, ಅದರಲ್ಲಿ ಕಾಯಿಸೋ ರಗಳೆಯೇ ಇಲ್ಲ. ಅದರಲ್ಲಿ ಉಬ್ಬು ಮಾಡಿ ಇದರ ಮೇಲೆ ಅಂಟಿಸಬಹುದಾ?

ರಾಳಪುರಾಣ:
ಅದರಲ್ಲಿ ದ್ರಾವಕ ಇದೆ. ಎಣ್ಣೆ ಬಣ್ಣದ ಜೊತೆ ಚಾಕುವಿನಲ್ಲಿ ಹಚ್ಚಿ ಒಣಗಿಸೋ ವಸ್ತು ಅದು, ಬೆಂಕಿ ತೋರಿಸೋ ವಸ್ತು ಅಲ್ಲ. ಎನ್‌ಕಾಸ್ಟಿಕ್ ಅನ್ನೋ ಗ್ರೀಕ್ ಮೂಲದ ಪದದ ಅರ್ಥವೇ ಸುಟ್ಟು ಸೇರಿಸೋದು.

ಜೇನುಗೂಡು:
ಮೇಣವನ್ನೇ ತರಿತರಿ ಮಾಡೋಕೆ ಸರಳ ದಾರಿ ಹೇಳ್ತೀನಿ. ಹತ್ತು ಚಮಚ ಕರಗಿದ ಮೇಣಕ್ಕೆ ಒಂದೆರಡು ಚಮಚ ಅಮೃತಶಿಲೆಯ ಪುಡಿ ಅಥವಾ ಸೀಮೆಸುಣ್ಣದ ಪುಡಿ. ಹೊಳಪು ಹೋಗಿ ಗಾರೆಯ ಮೈ ಬರುತ್ತದೆ, ಬೆಸೆಯುವಾಗಲೂ ಬೇಗ ಹರಿಯಲ್ಲ. ಪುಡಿ ತಳಕ್ಕೆ ಇಳಿಯುತ್ತದೆ, ಪ್ರತಿ ಸಲ ಕಲಕಿಯೇ ಅದ್ದಬೇಕು. ಪುಡಿಯಲ್ಲಿ ತೇವ ಇದ್ದರೆ ಮೇಣ ಚಟಪಟ ಸಿಡಿಯುತ್ತದೆ, ಮೊದಲು ಒಣಗಿಸಿ. ಕುಂಚ ಹಂದಿ ಕೂದಲಿನದೇ ಆಗಲಿ, ನೈಲಾನ್ ಕುಂಚ ಬಿಸಿಗೆ ಸುರುಳಿ ಸುತ್ತುತ್ತದೆ.

ಗೆರೆ ಬೇಕಾದರೆ ಕೊರೆದು ತುಂಬಿ. ಮೇಣ ಕೈಗೆ ತುಸು ಬೆಚ್ಚಗಿರುವಾಗ ಸೂಜಿಯಲ್ಲಿ ಗೀರಿ, ತಣ್ಣಗಿರುವಾಗ ಗೀರಿದರೆ ಅಂಚು ಚಕ್ಕೆ ಏಳುತ್ತದೆ. ಎಣ್ಣೆ ಬಣ್ಣವನ್ನು ಬೆರಳಲ್ಲಿ ಗೀರಿನೊಳಗೆ ಒತ್ತಿ, ಮೇಲಿನದನ್ನು ಒಂದು ಹನಿ ಅಡುಗೆ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒರೆಸಿ.

ಮಂದಬೆಳಕು:
ಅರಗಿನ ಸುಡುವಿಕೆ ಬಿಟ್ಟಿರಲ್ಲ? ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಆರಿದ ಮೇಣದ ಮೇಲೆ ತೆಳುವಾಗಿ ಬಳಿದು, ಸ್ಪಿರಿಟ್ ಪೂರ್ತಿ ಹಾರಿ ಹೋದ ಮೇಲೆ ಟಾರ್ಚ್ ಹಿಡಿದರೆ ಅರಗು ಸುಕ್ಕುಗಟ್ಟಿ ಬಲೆಬಲೆಯಾಗಿ ಒಡೆಯುತ್ತದೆ. ಜೇಡನ ಬಲೆಯಂಥ ಕಂದು ಗೆರೆ ಬೇರೆ ಯಾವ ವಿಧಾನದಲ್ಲೂ ಬರಲ್ಲ.

ಬೆಂಕಿಪೆಟ್ಟಿಗೆ:
‘ಪೂರ್ತಿ ಹಾರಿ ಹೋದ ಮೇಲೆ’ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ ಎಲ್ಲರೂ. ವಾಸನೆ ಇದ್ದರೆ ಇನ್ನೂ ಇದೆ ಎಂದೇ ಅರ್ಥ. ಬಾಟಲಿ, ಕುಂಚ ಎರಡೂ ಮುಚ್ಚಿ ಬೇರೆ ಕೋಣೆಗೆ ಹೋಗಲಿ.

ಹಲಗೆಬಳಪ:
ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಮಾಡ್ತೀನಿ: ತಳ ಮೂರು ಪದರ, ಅದರ ಮೇಲೆ ಕೊಜೊ ಪ್ರಿಂಟ್, ತೆಳು ಮೇಣ, ಆಮೇಲೆ ತಣ್ಣಗೆ ಮಾಡಿ ಉಬ್ಬು. ಕಾಗದ ಹಾಕುವ ಕ್ರಮ ಒಮ್ಮೆ ಹೇಳಿ. ಮತ್ತೆ, ಮುಗಿದ ಮೇಲೆ ಮೈ ಬೆಳ್ಳಗಾದರೆ?

ನೂಲೆಣಿಕೆ:
ತಳದ ಮೇಣ ಮೆತ್ತಗಾಗುವಷ್ಟು ಕಾಯಿಸಿ, ಕಾಗದವನ್ನು ಒಂದು ಅಂಚಿನಿಂದ ಇಳಿಸುತ್ತಾ ಬನ್ನಿ, ಬೆರಳಿನಿಂದ ನಡುವಿನಿಂದ ಹೊರಕ್ಕೆ ಸವರಿ. ಮೇಣ ಏರಿದ ಕಡೆ ಕಾಗದ ಎಣ್ಣೆ ಬಿದ್ದ ಹಾಗೆ ಪಾರದರ್ಶಕ ಆಗುತ್ತದೆ, ಏರದ ಕಡೆ ಹಾಲು ಬಿಳಿ ಮಚ್ಚೆ. ಆ ಮಚ್ಚೆಯೇ ಸಿಕ್ಕಿಕೊಂಡ ಗಾಳಿ. ಮೇಲಿಂದ ಬಣ್ಣವಿಲ್ಲದ ಮೇಣ ಒಂದು ಕೈ ಬಳಿದು ಕಾಯಿಸಿ, ಮಚ್ಚೆ ಹೋಗೋ ತನಕ ಮುಂದಿನ ಪದರಕ್ಕೆ ಹೋಗಬೇಡಿ.

ರಾಳಪುರಾಣ:
ಬೆಳ್ಳಗಾಗೋದು ಕೊಳೆ ಅಲ್ಲ, ಮೇಣದ ಸ್ವಭಾವ. ಮೊದಲ ಆರು ತಿಂಗಳಿಂದ ಒಂದು ವರ್ಷ ಹೆಚ್ಚು, ಚಳಿಗೆ ಇನ್ನೂ ಹೆಚ್ಚು. ಮೆತ್ತನೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಉಬ್ಬಿನ ಸಂದಿಗೆ ಬಟ್ಟೆ ಹೋಗಲ್ಲ, ಅಲ್ಲಿಗೆ ಹೇರ್ ಡ್ರೈಯರ್ ದೂರದಿಂದ ಒಂದು ಕ್ಷಣ. ಬಿಸಿಲಿಗೆ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ.

ಹಲಗೆಬಳಪ:
ಕೊನೇ ಪ್ರಶ್ನೆ. ಅಕ್ರಿಲಿಕ್ ಜೆಸ್ಸೊ ಹಚ್ಚಿದ ಹಲಗೆ ಇನ್ನೂ ಆರು ಇವೆ. ಅರ್ಧ ಹಲಗೆ ಕೆರೆಯೋಷ್ಟರಲ್ಲಿ ಕೈ ಬಿದ್ದು ಹೋಯ್ತು.

ಜೇನುಗೂಡು:
ಹಿಂಬದಿಗೂ ಜೆಸ್ಸೊ ಹಚ್ಚಿದ್ದೀರಾ?

ಹಲಗೆಬಳಪ:
ಇಲ್ಲ. ಬರೀ ಪ್ಲೈವುಡ್.

ಜೇನುಗೂಡು:
ತಿರುಗಿಸಿ.

ತರಲೆ_ಕುಂಚ:
ಈ ಮಾತನ್ನ ಎರಡನೇ ಉತ್ತರದಲ್ಲೇ ಹೇಳಬಾರದಿತ್ತಾ ಸ್ವಾಮಿ!